ಹ್ಯಾಟ್ರಿಕ್: ದೀರ್ಘ ಬಳಕೆಯ ವಿಮರ್ಶೆ – ಮೂರನೇ ಸ್ಟ್ರೈಕರ್ ಯಾವಾಗ ಬೇಕು, ಯಾವಾಗ ಬೇಡ

"ಅಣ್ಣ, ಮೂರು ಮಂದಿ ಸ್ಟ್ರೈಕರ್ ಹಾಕೀನಿ, ಆದ್ರೂ ಗೋಲ್ ಬರವಲ್ವು." ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹ್ಯಾಟ್ರಿಕ್ ಎಂಬ ಆನ್‌ಲೈನ್ ಫುಟ್‌ಬಾಲ್ ಮ್ಯಾನೇಜರ್ ಆಟ ಆಡೋಕೆ ಕೂತ ಹುಡುಗರು ಮೊದಲ ಸೀಸನ್‌ನಲ್ಲೇ ಕೇಳುವ ಪ್ರಶ್ನೆ ಇದು. ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಆಟದಲ್ಲಿ ಮೂರನೇ ಸ್ಟ್ರೈಕರ್ ಕೆಲಸಕ್ಕೆ ಬರುವುದು ಎರಡೇ ಸಂದರ್ಭದಲ್ಲಿ: ಮಿಡ್‌ಫೀಲ್ಡ್ ಪೂರ್ತಿ ನಿಮ್ಮ ಕೈಯಲ್ಲಿರಬೇಕು, ಇಲ್ಲವೇ ಅದನ್ನು ಬೇಕೆಂತಲೇ ಪೂರ್ತಿ ಬಿಟ್ಟುಕೊಟ್ಟಿರಬೇಕು. ಇವೆರಡರ ನಡುವೆ ನಿಂತ ತಂಡಕ್ಕೆ ಮೂರನೇ ಸ್ಟ್ರೈಕರ್ ನಷ್ಟದ ಬಾಬತ್ತು. ಹೊಸಬರ ತಂಡಗಳಲ್ಲಿ ಹೆಚ್ಚಿನವು ನಿಲ್ಲುವುದು ಆ ನಡುವಿನಲ್ಲೇ.

ಗೊತ್ತಿಲ್ಲದವರಿಗೆ ಆಟದ ಪರಿಚಯ ಚಿಕ್ಕದಾಗಿ. ಹ್ಯಾಟ್ರಿಕ್ 1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಫುಟ್‌ಬಾಲ್ ಮ್ಯಾನೇಜರ್ ಆಟ. ಚೆಂಡು ಒದೆಯುವ ಗ್ರಾಫಿಕ್ಸ್ ಇಲ್ಲಿ ಮುಖ್ಯವಲ್ಲ. ತಂಡ ಕಟ್ಟುವುದು, ತರಬೇತಿ ಕೊಡುವುದು, ಆಟಗಾರರನ್ನು ಕೊಳ್ಳುವುದು, ಮಾರುವುದು, ಪಂದ್ಯಕ್ಕೆ ಮೊದಲು ಹನ್ನೊಂದು ಮಂದಿಯನ್ನು ನಿಲ್ಲಿಸುವುದು, ಇಷ್ಟೇ ನಮ್ಮ ಕೆಲಸ. ಪಂದ್ಯ ವರದಿಯ ರೂಪದಲ್ಲಿ ಬರುತ್ತದೆ. ಒಂದು ಲೀಗ್ ಗುಂಪಿನಲ್ಲಿ 8 ತಂಡ, 14 ಲೀಗ್ ಪಂದ್ಯ, ಸೀಸನ್ 16 ವಾರ. ವಾರಕ್ಕೊಂದು ಲೀಗ್ ಪಂದ್ಯ, ನಡುವೆ ಒಂದು ಕಪ್ ಅಥವಾ ಸ್ನೇಹ ಪಂದ್ಯ. ಹೆಚ್ಚು ಪಠ್ಯವೇ ಇರುವುದರಿಂದ ಹಳೆಯ ಫೋನಿನಲ್ಲೂ, ಸಿಗ್ನಲ್ ಎರಡು ಕಡ್ಡಿ ಇರುವ ಊರಲ್ಲೂ ನಡೆಯುತ್ತದೆ. ತೋರಣಗಲ್ಲಿನಲ್ಲೋ ಶಕ್ತಿನಗರದಲ್ಲೋ ಶಿಫ್ಟ್ ಮಾಡುವವರಿಗೆ ಇದರ ನಿಧಾನಗತಿಯೇ ಅನುಕೂಲ. ನಾಟಿ ಕಾಲದಲ್ಲಿ ನಾಲ್ಕು ದಿನ ಲಾಗಿನ್ ಆಗದಿದ್ದರೂ, ಲೈನ್‌ಅಪ್ ಮೊದಲೇ ಕೊಟ್ಟಿದ್ದರೆ ತಂಡ ಆಡುತ್ತದೆ. ದುಡ್ಡು ಕೊಟ್ಟು ಸಪೋರ್ಟರ್ ಆಗುವ ವ್ಯವಸ್ಥೆ ಇದೆ. ಅದರಿಂದ ಸಿಗುವುದು ಹೆಚ್ಚಿನ ಅಂಕಿಅಂಶ, ಅಲಂಕಾರ, ಅನುಕೂಲ. ಮೈದಾನದಲ್ಲಿ ಮೇಲುಗೈ ಸಿಗುವುದಿಲ್ಲ. ಈ ಒಂದು ಗುಣಕ್ಕಾಗಿಯೇ ಈ ಆಟವನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು.

ಈಗ ಗೋಲಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು, ಏಕೆಂದರೆ ಆಟದ ಇಂಜಿನ್ ಹೇಗೆ ಯೋಚಿಸುತ್ತದೆ ಎಂಬುದು ತಿಳಿಯದೆ ಫಾರ್ಮೇಶನ್ (ಆಟಗಾರರನ್ನು ನಿಲ್ಲಿಸುವ ಜೋಡಣೆ) ಬದಲಿಸುತ್ತಾ ಹೋದರೆ ಎಷ್ಟು ಸೀಸನ್ ಕಳೆದರೂ ಫಲವಿಲ್ಲ.

ಪ್ರತಿ ತಂಡಕ್ಕೆ ಏಳು ರೇಟಿಂಗ್ ಇರುತ್ತವೆ: ಮಿಡ್‌ಫೀಲ್ಡ್ ಒಂದು, ಎಡ, ಮಧ್ಯ, ಬಲ ಡಿಫೆನ್ಸ್ ಮೂರು, ಹಾಗೆಯೇ ದಾಳಿ ಮೂರು. ಪಂದ್ಯದಲ್ಲಿ ಸಾಮಾನ್ಯ ಅವಕಾಶಗಳು 15. ಅದರಲ್ಲಿ 5 ನಿಮಗೇ ಮೀಸಲು, 5 ಎದುರಾಳಿಗೆ ಮೀಸಲು, ಉಳಿದ 5 ಇಬ್ಬರಿಗೂ ತೆರೆದಿರುತ್ತವೆ. ಮೀಸಲು ಅವಕಾಶವೂ ಪುಕ್ಕಟೆ ಬರುವುದಿಲ್ಲ. ಮಿಡ್‌ಫೀಲ್ಡ್ ಬಲ ಸಾಲದಿದ್ದರೆ ಅದು ಯಾರಿಗೂ ಸಿಗದೆ ಹಾಳಾಗುತ್ತದೆ. ಮಿಡ್‌ಫೀಲ್ಡ್ ಸಮಸಮ ಇದ್ದರೆ ಸರಾಸರಿ 5 ಅವಕಾಶ ನಿಮ್ಮ ಪಾಲು. ಮಿಡ್‌ಫೀಲ್ಡ್ ಬಲದಿಂದ ಬರುವ ಚೆಂಡಿನ ಹಿಡಿತ 60% ಆದರೆ, ಅನುಭವಿ ಆಟಗಾರರು ಲೆಕ್ಕ ಹಾಕಿ ಕಂಡುಕೊಂಡ ಅಂದಾಜಿನಂತೆ, ಅದು ಏಳೂವರೆಯ ಆಸುಪಾಸಿಗೆ ಏರುತ್ತದೆ. 40%ಗೆ ಇಳಿದರೆ ಎರಡೂವರೆಯ ಹತ್ತಿರ ಬಂದು ನಿಲ್ಲುತ್ತದೆ. ಹಿಡಿತ ನೇರ ಪ್ರಮಾಣದಲ್ಲಿ ಕೆಲಸ ಮಾಡುವುದಿಲ್ಲ, ಗುಣಿಸಿಕೊಂಡು ಹೋಗುತ್ತದೆ.

ಸಿಕ್ಕ ಅವಕಾಶ ಎಲ್ಲಿಂದ ಬರುತ್ತದೆ ಎಂಬುದು ಎರಡನೇ ಹಂತ. ಸುಮಾರು 35% ಮಧ್ಯದಿಂದ, 25% ಎಡಬದಿಯಿಂದ, 25% ಬಲಬದಿಯಿಂದ, ಉಳಿದ 15% ಫ್ರೀಕಿಕ್, ಪೆನಾಲ್ಟಿಯಂಥ ಸೆಟ್ ಪೀಸ್‌ಗಳಿಂದ. ಮೂರನೇ ಹಂತದಲ್ಲಿ, ಆ ದಿಕ್ಕಿನ ನಿಮ್ಮ ದಾಳಿಯ ರೇಟಿಂಗನ್ನು ಅದಕ್ಕೆ ಎದುರಾಗುವ ಎದುರಾಳಿಯ ಡಿಫೆನ್ಸ್ ರೇಟಿಂಗ್ ಜೊತೆ ತೂಗಿ ಗೋಲೋ ಅಲ್ಲವೋ ತೀರ್ಮಾನವಾಗುತ್ತದೆ.

ಈ ಮೂರನ್ನೂ ಸೇರಿಸಿ ನೋಡಿ. ಸಮಬಲದ ಪಂದ್ಯದಲ್ಲಿ 5 ಅವಕಾಶದ 35% ಎಂದರೆ 1.75. ಅಂದರೆ ತೊಂಬತ್ತು ನಿಮಿಷದಲ್ಲಿ ಮಧ್ಯದ ದಾಳಿ ಎರಡೂ ಪೂರ್ತಿ ಆಗುವುದಿಲ್ಲ. ಸ್ಟ್ರೈಕರ್‌ನ ಸ್ಕೋರಿಂಗ್ ಕೌಶಲ ಪೂರ್ತಿಯಾಗಿ ಸೇರುವುದು ಈ ಮಧ್ಯದ ದಾಳಿಗೆ ಮಾತ್ರ, ಬದಿಗಳಿಗೆ ಹೋಗುವುದು ಸುಮಾರು ಕಾಲು ಭಾಗ. ಕೋಟಿಗಟ್ಟಲೆ ಕೊಟ್ಟು ತಂದ ಸ್ಟ್ರೈಕರ್ ಸುಮ್ಮನೆ ನಿಂತಿದ್ದಾನೆ ಅನ್ನಿಸುವುದು ಇದಕ್ಕೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಎಷ್ಟೇ ಫಲವತ್ತಾಗಿದ್ದರೂ ಮೇಲಿಂದ ನೀರು ಇಳಿಯದಿದ್ದರೆ ಬೆಳೆ ಬರುವುದಿಲ್ಲ ಎಂದು ಮಾನ್ವಿ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಟ್ರೈಕರ್ ಈ ಆಟದ ಕೊನೆ ಭಾಗದ ಹೊಲ.

ಇನ್ನೊಂದು ಕಟ್ಟುಪಾಡಿದೆ. ಮಧ್ಯದ ಸ್ಥಾನಗಳಲ್ಲಿ ಒಂದೇ ಬಗೆಯ ಆಟಗಾರರು ಹೆಚ್ಚಾದಷ್ಟೂ ಒಬ್ಬೊಬ್ಬರ ಕೊಡುಗೆ ಕಡಿಮೆಯಾಗುತ್ತದೆ. ಆಟಗಾರರ ಬಳಗದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂಕಿಗಳಂತೆ ಇಬ್ಬರು ಫಾರ್ವರ್ಡ್ (ಅಂದರೆ ಸ್ಟ್ರೈಕರ್) ಇದ್ದರೆ ಪ್ರತಿಯೊಬ್ಬರದು 94.5%, ಮೂವರಿದ್ದರೆ 86.5%. ಮೈದಾನದ ನಡುವೆ ಆಡುವ ಇನ್ನರ್ ಮಿಡ್‌ಫೀಲ್ಡರ್‌ಗಳಿಗೆ ಕಡಿತ ಇನ್ನೂ ಜಾಸ್ತಿ: ಇಬ್ಬರಿದ್ದರೆ 93.5%, ಮೂವರಿದ್ದರೆ 82.5%. ನಡುವಿನ ಡಿಫೆಂಡರ್‌ಗಳು ಇಬ್ಬರಾದರೆ 96.4%, ಮೂವರಾದರೆ 90%.

ಸರಿಸಮ ಕೌಶಲದ ಆಟಗಾರರು ಎಂದಿಟ್ಟುಕೊಂಡು 3-5-2ರಿಂದ 3-4-3ಕ್ಕೆ (ಅಂಕಿಗಳು ಕ್ರಮವಾಗಿ ಡಿಫೆಂಡರ್, ಮಿಡ್‌ಫೀಲ್ಡರ್, ಫಾರ್ವರ್ಡ್‌ಗಳ ಸಂಖ್ಯೆ) ಹೋದರೆ ಏನಾಗುತ್ತದೆ ನೋಡೋಣ. ಇಬ್ಬರು ಫಾರ್ವರ್ಡ್ ಸೇರಿ 1.89 ಪಾಲು, ಮೂವರು ಸೇರಿ 2.595. ಮಧ್ಯದ ದಾಳಿಗೆ ಫಾರ್ವರ್ಡ್‌ಗಳಿಂದ ಬರುವ ಬಲ 37% ಏರಿತು. ಕೇಳಲು ಚೆನ್ನಾಗಿದೆ. ಆ ಕಡೆ ಮೂವರು ಇನ್ನರ್‌ಗಳ 2.475 ಪಾಲು ಇಬ್ಬರಾದಾಗ 1.87ಕ್ಕೆ ಬಂತು, ಅಂದರೆ 24% ಕುಸಿತ. ಬದಿಯಲ್ಲಿ ಆಡುವ ವಿಂಗರ್‌ಗಳೂ, ಫಾರ್ವರ್ಡ್‌ಗಳೂ ಮಿಡ್‌ಫೀಲ್ಡ್‌ಗೆ ಸ್ವಲ್ಪ ಕೊಡುವುದರಿಂದ ಒಟ್ಟು ಮಿಡ್‌ಫೀಲ್ಡ್ ಆರರಲ್ಲಿ ಒಂದು ಭಾಗ ಇಳಿಯಿತು ಎಂದುಕೊಳ್ಳಿ. ಸಮಬಲದಲ್ಲಿದ್ದ 5 ಅವಕಾಶ ಈಗ ಮೂರೂವರೆ ದಾಟಿದರೆ ಹೆಚ್ಚು. ಮಧ್ಯದ ದಾಳಿ 1.75ರಿಂದ 1.3ರ ಹತ್ತಿರಕ್ಕೆ ಇಳಿಯಿತು. ಪ್ರತಿ ದಾಳಿ ಗೋಲಾಗುವ ಸಾಧ್ಯತೆ ಏರಿದ್ದರಿಂದ ಮಧ್ಯದಿಂದ ಬರುವ ಗೋಲು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದುದನ್ನು ಈಗ ಮೂವರು ಹಂಚಿಕೊಳ್ಳಬೇಕು. ಬದಿಯ ದಾಳಿಗಳೂ ಕಡಿಮೆಯಾದವು. ಎದುರಾಳಿಯ ಅವಕಾಶ ಮಾತ್ರ ಆರನ್ನು ದಾಟಿತು. "ಗೋಲ್ ಬರವಲ್ವು" ಎಂಬ ದೂರಿನ ಹಿಂದಿರುವ ಲೆಕ್ಕ ಇದು.

ಅದೇ ಬದಲಾವಣೆಯನ್ನು 65% ಹಿಡಿತವಿರುವ ತಂಡ ಮಾಡಿದರೆ ಫಲ ಬೇರೆ. 65%ರಲ್ಲಿ ಅವಕಾಶ ಎಂಟೂವರೆಯ ಹತ್ತಿರ ಇರುತ್ತದೆ. ಹಿಡಿತ 60%ಗೆ ಇಳಿದರೂ ಕಳೆದುಕೊಳ್ಳುವುದು ಒಂದು ಅವಕಾಶವನ್ನಷ್ಟೇ, ಸಿಗುವುದು ಬಲವಾದ ದಾಳಿ. ಹತ್ತಕ್ಕಿಂತ ಹೆಚ್ಚು ಸಾಮಾನ್ಯ ಅವಕಾಶ ಯಾರಿಗೂ ಸಿಗುವಂತಿಲ್ಲ. ಹಾಗಾಗಿ ಮಿಡ್‌ಫೀಲ್ಡ್ ಈಗಾಗಲೇ ಮೇಲಿದ್ದರೆ ಅಲ್ಲಿಗೇ ಇನ್ನೂ ಸುರಿಯುವುದು ದಂಡ. ಸ್ವಂತ ಮೈದಾನದಲ್ಲಿ ಆಡುವ ತಂಡಕ್ಕೆ ಮಿಡ್‌ಫೀಲ್ಡ್‌ನಲ್ಲಿ ಹೆಚ್ಚುವರಿ ಬಲ ಸಿಗುತ್ತದೆ. ಆದ್ದರಿಂದ ದುರ್ಬಲ ತಂಡ ನಿಮ್ಮ ಮೈದಾನಕ್ಕೆ ಬಂದಾಗ 3-4-3, ಸಮಬಲದ ತಂಡದ ಊರಿಗೆ ಹೋದಾಗ 3-5-2. ಈ ಎರಡನ್ನು ಅದಲುಬದಲು ಮಾಡುತ್ತಾ ಹೋದರೆ ಸೀಸನ್ ಕೊನೆಗೆ ಸ್ಟ್ರೈಕರ್ ಹೆಸರಿನ ಮುಂದೆ ಗೋಲು ಏರುವುದು ಕಾಣುತ್ತದೆ.

3-4-3ರಲ್ಲೂ ಎರಡು ಬಗೆ ಇದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ನಾಲ್ವರು ಮಿಡ್‌ಫೀಲ್ಡರ್ ಎಂದಾಕ್ಷಣ ಇಬ್ಬರು ಇನ್ನರ್, ಇಬ್ಬರು ವಿಂಗರ್ ಎಂದೇ ಆಗಬೇಕಿಲ್ಲ. ಮೂವರು ಇನ್ನರ್, ಒಬ್ಬನೇ ವಿಂಗರ್ ಇಟ್ಟು, ವಿಂಗರ್ ಇಲ್ಲದ ಬದಿಗೆ ಒಬ್ಬ ಫಾರ್ವರ್ಡ್‌ನನ್ನು 'ವಿಂಗ್ ಕಡೆಗೆ' ಎಂಬ ಆದೇಶ ಕೊಟ್ಟು ಕಳಿಸಬಹುದು. ಹೀಗೆ ಹೋದ ಫಾರ್ವರ್ಡ್‌ನ ಸ್ಕೋರಿಂಗ್‌ನಲ್ಲಿ ಮಧ್ಯಕ್ಕೆ ಸುಮಾರು ಮೂರನೇ ಎರಡು ಭಾಗ ಉಳಿಯುತ್ತದೆ, ತನ್ನ ಬದಿಗೆ ಅರ್ಧದಷ್ಟು ಸೇರುತ್ತದೆ, ಜೊತೆಗೆ ಅವನ ವಿಂಗರ್ ಕೌಶಲವೂ ಅಲ್ಲಿಗೆ ಬೀಳುತ್ತದೆ. ವಿಂಗರ್ ಕೌಶಲ ಏನೂ ಇಲ್ಲದ ಫಾರ್ವರ್ಡ್‌ಗೆ ಈ ಆದೇಶ ಕೊಟ್ಟರೆ ಮಧ್ಯವೂ ಕೆಟ್ಟಿತು, ಬದಿಯೂ ಬರಲಿಲ್ಲ. ಕೊಳ್ಳುವಾಗಲೇ ನೋಡಿಕೊಳ್ಳಬೇಕು: ಸಾಮಾನ್ಯ ಫಾರ್ವರ್ಡ್‌ಗೆ ಸ್ಕೋರಿಂಗ್, ಅದರ ಹಿಂದೆಯೇ ಪಾಸಿಂಗ್. ವಿಂಗ್ ಕಡೆಗೆ ಹೋಗುವವನಿಗೆ ಸ್ಕೋರಿಂಗ್, ವಿಂಗರ್ ಎರಡೂ. 'ಡಿಫೆನ್ಸಿವ್ ಫಾರ್ವರ್ಡ್' ಆಗಿ (ಸ್ವಲ್ಪ ಹಿಂದೆ ಸರಿದು) ನಿಲ್ಲುವವನಿಗೆ ಪಾಸಿಂಗ್, ಪ್ಲೇಮೇಕಿಂಗ್ (ಆಟ ಕಟ್ಟುವ ಕೌಶಲ). ಈ ಮೂರನೆಯವನು ಟೆಕ್ನಿಕಲ್ ವಿಶೇಷತೆ (ಕೆಲವು ಆಟಗಾರರಿಗೆ ಇರುವ ವಿಶೇಷ ಗುಣಗಳಲ್ಲಿ ಒಂದು) ಉಳ್ಳವನಾದರೆ ಬದಿಯ ದಾಳಿಗೆ ಅವನ ಪಾಸಿಂಗ್ ಹೆಚ್ಚು ಸೇರುತ್ತದೆ. ಅಂಥವನು ಅಗ್ಗಕ್ಕೆ ಸಿಕ್ಕರೆ ಬಿಡಬಾರದು.

4-4-2 ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಸೀಸನ್‌ಗೆ ಸಾಕು, ಯಾವುದರಲ್ಲೂ ವಿಶೇಷವಿಲ್ಲ. 4-3-3ರಲ್ಲಿ ಮೂವರೂ ಇನ್ನರ್‌ಗಳನ್ನೇ ಇಟ್ಟು 'ಮಧ್ಯದಿಂದ ದಾಳಿ' ತಂತ್ರ ಹಾಕಿದರೆ ಬದಿಯ ದಾಳಿಗಳಲ್ಲಿ 15ರಿಂದ 30% ಮಧ್ಯಕ್ಕೆ ತಿರುಗುತ್ತವೆ. ಎಷ್ಟು ತಿರುಗುತ್ತವೆ ಎಂಬುದು ಮೈದಾನದಲ್ಲಿರುವ ಎಲ್ಲರ ಪಾಸಿಂಗ್ ಮೇಲೆ ನಿಂತಿದೆ, ಡಿಫೆಂಡರ್‌ಗಳದೂ ಸೇರಿ. ಬೆಲೆಯಾಗಿ ಬದಿಯ ಡಿಫೆನ್ಸ್ ಸ್ವಲ್ಪ ಸಡಿಲಾಗುತ್ತದೆ. ಸ್ಟ್ರೈಕರ್ ಮೇಲೆ ದುಡ್ಡು ಸುರಿದ ತಂಡಕ್ಕೆ ಇದು ಸಹಜವಾದ ದಾರಿ, ಆದರೆ ಎದುರಾಳಿಯ ಮಧ್ಯದ ಡಿಫೆನ್ಸ್ ಗಟ್ಟಿಯಿದ್ದರೆ ತಲೆ ಚಚ್ಚಿಕೊಂಡ ಹಾಗೆ. ಹಿಂದಿನ ಎರಡು ಮೂರು ಪಂದ್ಯದ ರೇಟಿಂಗ್ ನೋಡದೆ ಈ ತಂತ್ರ ಹಾಕಬೇಡಿ. 'ವಿಂಗ್‌ನಿಂದ ದಾಳಿ' ಇದರ ತದ್ವಿರುದ್ಧ. ಮಧ್ಯದ ದಾಳಿಗಳಲ್ಲಿ 20ರಿಂದ 40% ಬದಿಗೆ ಹೋಗುತ್ತವೆ. ಸ್ಟ್ರೈಕರ್ ಗೋಲು ಬೇಕೆನ್ನುವವರು ಇದನ್ನು ಆರಿಸಿಕೊಂಡರೆ ತಮ್ಮ ಕೈಯಾರೆ ಅವನ ಬುಟ್ಟಿ ಖಾಲಿ ಮಾಡಿದಂತೆ.

2-5-3 ಹಾಕುವವರೂ ಇದ್ದಾರೆ. ಮಿಡ್‌ಫೀಲ್ಡ್ ಪೂರ್ತಿ, ಸ್ಟ್ರೈಕರ್ ಮೂರು, ಹಿಂದೆ ಇಬ್ಬರೇ. ಸ್ಟ್ರೈಕರ್ ಗೋಲು ಎಣಿಸುವುದೇ ಗುರಿಯಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಪಾಯಿಂಟ್ ಪಟ್ಟಿ ನೋಡಬೇಕಾದವರು ತೀರಾ ದುರ್ಬಲ ದಾಳಿಯ ತಂಡದ ಎದುರು ಮಾತ್ರ ಬಳಸಲಿ.

ಮಿಡ್‌ಫೀಲ್ಡ್ ಬಿಟ್ಟುಕೊಡುವ ದಾರಿ ಕೌಂಟರ್ ಅಟ್ಯಾಕ್. 5-3-2 ಅಥವಾ 5-2-3. ಎದುರಾಳಿ ತನ್ನ ಸಾಮಾನ್ಯ ಅವಕಾಶವನ್ನು ತಪ್ಪಿಸಿಕೊಂಡಾಗ ನಿಮಗೆ ಹೆಚ್ಚುವರಿ ದಾಳಿ ಸಿಗುವ ಸಾಧ್ಯತೆ ಹುಟ್ಟುತ್ತದೆ. ಈ ತಂತ್ರ ಹಾಕಿದೊಡನೆ ಮಿಡ್‌ಫೀಲ್ಡ್ 7% ಇಳಿಯುತ್ತದೆ. ಅಷ್ಟಾದ ಮೇಲೂ ಹಿಡಿತ ನಿಮ್ಮ ಕಡೆಗೇ ಇದ್ದರೆ ಕೌಂಟರ್ ಬರುವುದಿಲ್ಲ, ಇಳಿದ 7% ಮಾತ್ರ ಲೆಕ್ಕಕ್ಕೆ ಉಳಿಯುತ್ತದೆ. ಕೌಂಟರ್‌ನ ಮಟ್ಟ ನಿಲ್ಲುವುದು ಡಿಫೆಂಡರ್‌ಗಳ ಪಾಸಿಂಗ್ ಮತ್ತು ಡಿಫೆಂಡಿಂಗ್ ಮೇಲೆ. ಐವರು ಡಿಫೆಂಡರ್‌ಗಳಿಗೆ ಪಾಸಿಂಗ್ ಬರದಿದ್ದರೆ 5-2-3 ಬರೀ ಚೆಂಡು ಕಾಯುವ ಕೆಲಸವಾಗುತ್ತದೆ. ಇಬ್ಬರಾದರೂ ಡಿಫೆಂಡರ್‌ಗಳು ಒಳ್ಳೆಯ ಪಾಸಿಂಗ್ ಇಟ್ಟುಕೊಂಡಿದ್ದು, ಎದುರಾಳಿಯ ದಾಳಿಯನ್ನು ತಡೆಯುವಷ್ಟು ಗೋಡೆ ಇದ್ದರೆ, ಚಿಕ್ಕ ತಂಡವೂ ದೊಡ್ಡ ತಂಡವನ್ನು ಕಪ್‌ನಲ್ಲಿ ಉರುಳಿಸುತ್ತದೆ. ಈ ಆಟದಲ್ಲಿ ಇದಕ್ಕಿಂತ ಖುಷಿ ಕೊಡುವ ತಂತ್ರ ಇನ್ನೊಂದಿಲ್ಲ.

ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಲ್ಲಿ ಬೆಂಗಳೂರು ಎಫ್‌ಸಿಯ ಯುವ ಆಟಗಾರರು ಪಳಗುವುದರಿಂದ ನಮ್ಮ ಕಡೆ ನಿಜವಾದ ಫುಟ್‌ಬಾಲ್ ನೋಡಿ ಬಲ್ಲವರು ಈಗ ಇದ್ದಾರೆ. ಅವರಿಗೆ ಒಂದು ಮಾತು: ಮೈದಾನದಲ್ಲಿ ನೋಡಿದ ಓಟ, ಜಾಗ ಮಾಡಿಕೊಳ್ಳುವುದು, ಇಬ್ಬರು ಸ್ಟ್ರೈಕರ್‌ಗಳ ಹೊಂದಾಣಿಕೆ, ಇವನ್ನು ಇಂಜಿನ್ ಒಬ್ಬೊಬ್ಬರ ಜೋಡಿಯಾಗಿ ಲೆಕ್ಕ ಹಾಕುವುದಿಲ್ಲ. ಅದು ತೂಗುವುದು ವಿಭಾಗದ ಒಟ್ಟು ರೇಟಿಂಗನ್ನು. ವ್ಯಕ್ತಿಯೊಬ್ಬ ತಾನಾಗಿ ಗೋಲು ತರುವುದು ವಿಶೇಷತೆಗಳ ಮೂಲಕ. ಕ್ವಿಕ್ ಫಾರ್ವರ್ಡ್ ಓಡಿ ತಪ್ಪಿಸಿಕೊಳ್ಳುತ್ತಾನೆ, ಹೆಡ್ ಬಲ್ಲವನು ಕಾರ್ನರ್‌ನಲ್ಲಿ ಎಗರುತ್ತಾನೆ. ಹವಾಮಾನವನ್ನೂ ನೋಡಬೇಕು. ಮಳೆ ಬಂದರೆ ಟೆಕ್ನಿಕಲ್ ಆಟಗಾರ ಕುಗ್ಗುತ್ತಾನೆ, ಪವರ್‌ಫುಲ್ ಆಟಗಾರ ಹಿಗ್ಗುತ್ತಾನೆ. ಬಿಸಿಲಿಗೆ ಇದು ತಿರುಗುಮುರುಗು. ಕ್ವಿಕ್ ಆಟಗಾರನಿಗೆ ಎರಡೂ ಆಗಿಬರುವುದಿಲ್ಲ. ಮುಂದಿನ ಪಂದ್ಯದ ಹವಾಮಾನದ ಮುನ್ಸೂಚನೆ ಆಟದಲ್ಲೇ ಕಾಣುತ್ತದೆ, ಇಬ್ಬರು ಸಮ ಸ್ಟ್ರೈಕರ್‌ಗಳಲ್ಲಿ ಯಾರನ್ನು ನಿಲ್ಲಿಸಬೇಕು ಎಂಬ ಗೊಂದಲಕ್ಕೆ ಅದೇ ಉತ್ತರ.

ತರಬೇತಿ ಮತ್ತು ಫಾರ್ಮೇಶನ್ ನಡುವೆ ಇರುವ ಜಗಳ ಈ ಆಟದ ನಿಜವಾದ ಹೂರಣ. ವಾರಕ್ಕೆ ಒಂದೇ ಬಗೆಯ ತರಬೇತಿ. ಸ್ಕೋರಿಂಗ್ ತರಬೇತಿಯ ಪೂರ್ತಿ ಲಾಭ ಸಿಗುವುದು ಫಾರ್ವರ್ಡ್ ಸ್ಥಾನದಲ್ಲಿ ಆಡಿದವರಿಗೆ. ಒಬ್ಬ ಆಟಗಾರನಿಗೆ ವಾರದಲ್ಲಿ 90 ನಿಮಿಷದಷ್ಟೇ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಒಬ್ಬನನ್ನೇ ಎರಡೂ ಪಂದ್ಯದಲ್ಲಿ ಆಡಿಸಿದರೆ ಎರಡನೆಯದು ವ್ಯರ್ಥ. ಎರಡೂ ಪಂದ್ಯದಲ್ಲಿ ಮೂರು ಮೂರು ಫಾರ್ವರ್ಡ್ ಹಾಕಿದರೆ ವಾರಕ್ಕೆ ಆರು ಮಂದಿ ಬೆಳೆಯುತ್ತಾರೆ. ಈ ಆಸೆಗೆ ಬಿದ್ದು ಲೀಗ್‌ನಲ್ಲೂ 3-4-3 ಹಾಕಿದವರು ಮೇಲೆ ಹೇಳಿದ ನಡುವಿನ ಗುಂಡಿಗೆ ಬೀಳುತ್ತಾರೆ. ಲೀಗ್‌ನಲ್ಲಿ ಇಬ್ಬರು, ಸ್ನೇಹ ಪಂದ್ಯದಲ್ಲಿ ಬೇರೆ ಮೂವರು ಹಾಕಿ. ಆರರ ಬದಲು ಐವರು ಬೆಳೆದರು, ಲೀಗ್ ಪಾಯಿಂಟೂ ಉಳಿದವು. ಐವರಲ್ಲಿ ಮೂವರು ಹದಿನೇಳು ಹದಿನೆಂಟರ ಹುಡುಗರಾಗಿರಲಿ. ವಯಸ್ಸು ಏರಿದಂತೆ, ಮಟ್ಟ ಏರಿದಂತೆ ತರಬೇತಿ ನಿಧಾನವಾಗುತ್ತದೆ, ಮೂವತ್ತರ ಸುತ್ತ ಕೌಶಲ ಇಳಿಯಲೂ ಶುರುವಾಗುತ್ತದೆ.

ಇನ್ನೂ ಯೋಚಿಸಿ ನೋಡಿದರೆ ಹೊಸ ತಂಡ ಸ್ಕೋರಿಂಗ್ ತರಬೇತಿಯಿಂದ ಶುರು ಮಾಡುವುದೇ ಬೇಡ. ಪ್ಲೇಮೇಕಿಂಗ್ ತರಬೇತಿ ಇಟ್ಟು ಪ್ರತಿ ಪಂದ್ಯಕ್ಕೆ ಮೂವರು ಇನ್ನರ್‌ಗಳನ್ನು ಬೆಳೆಸಿ, ಅವರಲ್ಲಿ ಹೆಚ್ಚಾದವರನ್ನು ಮಾರಿ, ಆ ಹಣಕ್ಕೆ ತಯಾರಾದ ಸ್ಟ್ರೈಕರ್ ಕೊಳ್ಳಿ. ವಿಂಗರ್‌ಗಳಿಗೂ ಅರ್ಧ ಲಾಭ ಸಿಗುತ್ತದೆ, ಮಿಡ್‌ಫೀಲ್ಡ್ ತಾನಾಗಿ ಏರುತ್ತದೆ, 3-5-2 ಸಹಜವಾಗಿ ಹೊಂದುತ್ತದೆ.

ಫಾರ್ಮೇಶನ್ ಅನುಭವ ಎಂಬುದೊಂದಿದೆ, ಅದನ್ನು ಮರೆತರೆ ಇಷ್ಟೆಲ್ಲ ಲೆಕ್ಕ ಒಂದೇ ಪಂದ್ಯದಲ್ಲಿ ಕೊಚ್ಚಿಹೋಗುತ್ತದೆ. ಆಡದ ಫಾರ್ಮೇಶನ್‌ನ ಅನುಭವ ದಿನ ಕಳೆದಂತೆ ಇಳಿಯುತ್ತದೆ. ಅನುಭವ ಕಡಿಮೆಯಿರುವ 3-4-3ರಲ್ಲಿ ತಂಡ ಪಂದ್ಯದ ನಡುವೆ ಗೊಂದಲಕ್ಕೆ ಬೀಳಬಹುದು, ಆಗ ಎಲ್ಲ ರೇಟಿಂಗ್‌ಗಳೂ ಕುಸಿಯುತ್ತವೆ. ದೊಡ್ಡ ಪಂದ್ಯಕ್ಕೆ ಹೊಸ ಫಾರ್ಮೇಶನ್ ಬೇಕೆಂದರೆ ಕೆಲವು ವಾರ ಮೊದಲಿನಿಂದ ಸ್ನೇಹ ಪಂದ್ಯಗಳಲ್ಲಿ ಅದನ್ನೇ ಆಡಿಸಿ. ಮೂವರು ಫಾರ್ವರ್ಡ್ ತರಬೇತಿಗಾಗಿ ಸ್ನೇಹ ಪಂದ್ಯದಲ್ಲಿ ಹೇಗೂ 3-4-3 ಆಡಿಸುತ್ತಿದ್ದರೆ ಅನುಭವವೂ ಕೂಡುತ್ತಾ ಹೋಗುತ್ತದೆ. ಅನುಭವಿ ನಾಯಕನಿದ್ದರೆ ಗೊಂದಲದ ಭಯ ಇನ್ನೂ ಕಡಿಮೆ.

ಗೋಲು ನಿಂತುಹೋದಾಗ ತಪ್ಪು ಹುಡುಕುವ ಕ್ರಮ ಹೀಗಿರಲಿ. ಮೊದಲು ಎರಡೂ ಅವಧಿಯ ಹಿಡಿತ ನೋಡಿ. ಮೊದಲ ಅವಧಿಯಲ್ಲಿ 52, ಎರಡನೆಯದರಲ್ಲಿ 44 ಎಂದಿದ್ದರೆ ಫಾರ್ಮೇಶನ್ ತಪ್ಪಲ್ಲ, ಇನ್ನರ್‌ಗಳ ಸ್ಟ್ಯಾಮಿನಾ ಸಾಲದು. ತರಬೇತಿಯಲ್ಲಿ ಸ್ಟ್ಯಾಮಿನಾದ ಪಾಲು ಸ್ವಲ್ಪ ಏರಿಸಿ. ಹಿಡಿತ ಸರಿಯಿದ್ದು ಗೋಲು ಬರದಿದ್ದರೆ ವರದಿಯಲ್ಲಿ ಅವಕಾಶಗಳು ಯಾವ ದಿಕ್ಕಿನಿಂದ ಬಂದವು ಎಂದು ಎಣಿಸಿ, ಆ ದಿಕ್ಕಿನ ನಿಮ್ಮ ದಾಳಿಯನ್ನು ಎದುರಾಳಿಯ ಡಿಫೆನ್ಸ್ ಜೊತೆ ಹೋಲಿಸಿ. ನಮ್ಮ ಎಡ ದಾಳಿ ಅವರ ಬಲ ಡಿಫೆನ್ಸ್‌ಗೆ ಎದುರು ಎಂಬುದನ್ನು ಮರೆತು ಎಡಕ್ಕೆ ಎಡವನ್ನೇ ಹೋಲಿಸುವವರು ಬಹಳ. ರೇಟಿಂಗ್‌ಗಳೂ ಸರಿಯಿದ್ದು ಎರಡು ಪಂದ್ಯದಲ್ಲಿ ಗೋಲು ಬರಲಿಲ್ಲ ಎಂದರೆ ಅದು ಅದೃಷ್ಟದ ಮಾತು, ಏನನ್ನೂ ಮುಟ್ಟಬೇಡಿ. ಪಂದ್ಯಕ್ಕೆ ಐದಾರು ಅವಕಾಶವಷ್ಟೇ ಇರುವ ಆಟದಲ್ಲಿ ಎರಡು ಪಂದ್ಯ ಯಾವುದನ್ನೂ ಸಾಬೀತು ಮಾಡುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ತಂಡ ಒಂದು ಹದಕ್ಕೆ ಬರಲು ಸೀಸನ್‌ಗಳೇ ಬೇಕು. ಟಾಪ್ ಇಲೆವೆನ್ ಎಂಬ ಇನ್ನೊಂದು ಮ್ಯಾನೇಜರ್ ಆಟದಲ್ಲಿ 28 ದಿನಕ್ಕೆ ಸೀಸನ್ ಮುಗಿಯುವುದರಿಂದ ಫಾರ್ಮೇಶನ್ ಪ್ರಯೋಗದ ಫಲ ತಿಂಗಳೊಳಗೆ ಕಾಣುತ್ತದೆ. ಇಲ್ಲಿ ಅಷ್ಟು ಅವಸರ ಇರುವವರು ಉಳಿಯುವುದಿಲ್ಲ. ಯಾವ ಕೌಶಲ ಎಲ್ಲಿಗೆ ಎಷ್ಟು ಸೇರುತ್ತದೆ ಎಂಬ ಪೂರ್ತಿ ಲೆಕ್ಕವನ್ನು ಆಟದ ಕೈಪಿಡಿ ಬಿಟ್ಟುಕೊಡುವುದಿಲ್ಲ, ಹಳಬರ ಅಂದಾಜುಗಳನ್ನೇ ನಂಬಬೇಕು. ಲೈನ್‌ಅಪ್ ಕೊಡುವ ಪುಟದಲ್ಲಿ ಅಂದಾಜು ರೇಟಿಂಗ್ ಕಾಣುವುದು ದೊಡ್ಡ ಸಹಾಯ. 3-5-2 ಹಾಕಿ ಏಳೂ ಅಂಕಿ ಬರೆದುಕೊಳ್ಳಿ, 3-4-3 ಹಾಕಿ ಮತ್ತೆ ಬರೆದುಕೊಳ್ಳಿ, ಎದುರಾಳಿಯ ಹಿಂದಿನ ಲೀಗ್ ಪಂದ್ಯದ ಅಂಕಿಗಳನ್ನು ಪಕ್ಕದಲ್ಲಿಡಿ. ಅವರು ಸ್ವಂತ ಮೈದಾನದಲ್ಲಿ ಆಡಿದ ಪಂದ್ಯವಾದರೆ ಅವರ ಮಿಡ್‌ಫೀಲ್ಡ್ ಉಬ್ಬಿ ಕಾಣುತ್ತದೆ, ಅದನ್ನು ಕಳೆದು ನೋಡಿ. ಲೈನ್‌ಅಪ್ ಜೊತೆಗೇ ಷರತ್ತಿನ ಆದೇಶವನ್ನೂ ಕೊಟ್ಟಿಡಿ: ಮೇಲುಗೈ ಇದ್ದರೆ 60ನೇ ನಿಮಿಷದಿಂದ ಒಬ್ಬ ಫಾರ್ವರ್ಡ್ ಡಿಫೆನ್ಸಿವ್ ಆಗಲಿ, ಹಿಂದಿದ್ದರೆ ಸಾಮಾನ್ಯವಾಗಿಯೇ ಉಳಿಯಲಿ. ರಾತ್ರಿ ಪಾಳಿಯಲ್ಲಿದ್ದು ಪಂದ್ಯ ನೋಡಲಾಗದವರಿಗೂ ಇಷ್ಟು ಸಾಕಾಗುತ್ತದೆ.